ಹರಳಿನ ಆಕಾರಕ್ಕೆ ನಿಧಾನವೊಂದೇ ಸಾಲದು

ಪ್ರಿಯ ಲೇಖಕರೇ,

ಕರಗಿದ ಕಲ್ಲು (ಶಿಲಾರಸ) ಆರಿ ಆಗುವ ಅಗ್ನಿಶಿಲೆಯ ಹರಳುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

"ಶಿಲಾರಸ ನಿಧಾನವಾಗಿ ಆರಿದಷ್ಟೂ ಹರಳು ಚೆಂದ" ಎಂಬ ಒಂದೇ ಮಾತನ್ನು ಹಿಡಿದು ಆರು ಪುಟ ಎಳೆದಿದ್ದೀರಿ. ನಿಧಾನವಾಗಿ ಆರಿದರೆ ಹರಳು ದೊಡ್ಡದಾಗುತ್ತದೆ, ನಿಜ. ಆದರೆ ಗಾತ್ರ ಬೇರೆ, ಆಕಾರ ಬೇರೆ ಅಲ್ವಾ? ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್ ಎಂಬ ಖನಿಜಕ್ಕೆ "ಆರು ಮುಖದ ಅಂದ" ಎಂದು ಬರೆದಿರುವುದಂತೂ ತಪ್ಪು.

ಒಂದು ತುಂಡು ಗ್ರಾನೈಟನ್ನು ಲೆನ್ಸ್ ಹಿಡಿದು ನೋಡಿ. ನಿಮ್ಮ ಲೇಖನ ಓದಿದ ಮೇಲೆ ನಾನೂ ನೋಡಿದೆ. ಫೆಲ್ಡ್‌ಸ್ಪಾರ್ ಎಂಬ ಖನಿಜಕ್ಕೆ ನೆಟ್ಟಗಿನ ಅಂಚು. ಕಾಗೆಬಂಗಾರಕ್ಕೆ ಸೂಜಿ ಮೊನೆ ತಾಗಿಸಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಕ್ವಾರ್ಟ್ಸ್ ಮಾತ್ರ ಬೂದು ಗಾಜಿನ ಹಾಗೆ, ಉಳಿದವು ಬಿಟ್ಟ ಸಂದಿಯಲ್ಲಿ ತುಂಬಿಕೊಂಡಿದೆ. ಬೇರೆ ಖನಿಜಗಳು ಕಬ್ಬಿಣ, ಕ್ಯಾಲ್ಸಿಯಂ, ಸೋಡಿಯಂ ಜೊತೆ ಸಿಲಿಕಾವನ್ನು (ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿದ್ದು) ಕಟ್ಟಿಕೊಂಡ ಮೇಲೆ ಉಳಿದ ಸಿಲಿಕಾವೇ ಸಾಮಾನ್ಯವಾಗಿ ಕ್ವಾರ್ಟ್ಸ್ ಆಗುವುದು. ಕೊನೆಗೆ ಬಂದದ್ದಕ್ಕೆ ಮುಖ ಚಾಚಲು ಜಾಗ ಎಲ್ಲಿ? ಇದೇ ಕ್ವಾರ್ಟ್ಸ್, ರಯೊಲೈಟ್ ಎಂಬ ಸಿಲಿಕಾ ಹೆಚ್ಚಿರುವ ಲಾವಾದಲ್ಲಿ ಮೊದಲೇ ಮೂಡಿ ದ್ರವದಲ್ಲಿ ಬಿಡುಬೀಸಾಗಿ ಬೆಳೆದಿದ್ದರೆ, ಎರಡೂ ತುದಿ ಚೂಪಾದ ಆರು ಮೂಲೆಯ ಹರಳಾಗಿ ಸಿಗುತ್ತದೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಆಮೇಲೆ ಒಳಗಿನ ಕಟ್ಟಡಕ್ಕೆ ಬನ್ನಿ. ಒಂದು ಸಿಲಿಕಾನ್, ಸುತ್ತ ನಾಲ್ಕು ಆಕ್ಸಿಜನ್: ಇದು ಇಟ್ಟಿಗೆ. ಪೈರಾಕ್ಸಿನ್ ಎಂಬ ಖನಿಜದಲ್ಲಿ ಈ ಇಟ್ಟಿಗೆಗಳದು ಒಂಟಿ ಸರಪಳಿ. ಅದು ಸೀಳುವುದು ಸುಮಾರು 90 ಡಿಗ್ರಿ ಕೋನದಲ್ಲಿ. ಶಿಲಾರಸದಲ್ಲಿ ನೀರು ಸಾಕಷ್ಟಿದ್ದರೆ ಹಾರ್ನ್‌ಬ್ಲೆಂಡ್ ಎಂಬ ಇನ್ನೊಂದು ಖನಿಜ ಮೂಡಬಹುದು. ಅದರದು ಜೋಡಿ ಸರಪಳಿ, ಸೀಳುವ ಕೋನ 56 ಮತ್ತು 124 ಡಿಗ್ರಿ. ಅಡ್ಡ ಕೊಯ್ದರೆ ಮೊದಲಿನದಕ್ಕೆ ಎಂಟು ಬದಿ, ಎರಡನೆಯದಕ್ಕೆ ಆರು. ಎರಡೂ ಕಪ್ಪು ಕಡ್ಡಿಗಳೇ. ನೀವು ಸುಮ್ನೆ "ಕಪ್ಪು ಖನಿಜಗಳು" ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಬೇಜಾರಾದದ್ದು ಅಲ್ಲೇ.

ಜಿರ್ಕಾನ್ ಎಂಬ ಖನಿಜವನ್ನೂ ಸೇರಿಸಿ. ಅಲ್ಯುಮಿನಿಯಂ ಜಾಸ್ತಿಯಿರುವ ಶಿಲಾರಸದಲ್ಲಿ ಅದರ ತುದಿಯ ಒಂದು ಬಗೆಯ ಪಿರಮಿಡ್ ಮುಖ ದೊಡ್ಡದಾಗುತ್ತದೆ, ಸೋಡಿಯಂ-ಪೊಟ್ಯಾಶಿಯಂ ಮೇಲುಗೈಯಾದರೆ ಇನ್ನೊಂದು ಬಗೆಯದು ಎಂದು ಫ್ರೆಂಚ್ ಭೂವಿಜ್ಞಾನಿ ಪ್ಯೂಪಿನ್ 1980ರಲ್ಲೇ ಬರೆದರು. ಒಂದೇ ಖನಿಜ, ರಸಾಯನ ಬದಲಾದರೆ ಮುಖವೂ ಬದಲು. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಕೊನೆಯ ಪುಟದ "ಪ್ರಕೃತಿಯ ಕುಂಚ" ಪ್ಯಾರಾ ಪೂರ್ತಿ ತೆಗೆಯಿರಿ. ಜಿರ್ಕಾನ್‌ಗೆ ಆ ಜಾಗ ಸಾಕು.