ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಮೇಲಿನ ಕೋರೆಹಲ್ಲು ಪೂರ್ತಿ ಹುಳುಕಾಗಿದೆ, ಆಗಾಗ ಕೆನ್ನೆ ಊದಿಕೊಳ್ಳುತ್ತದೆ. ಕೀಳಿಸೋಣ ಎಂದರೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂದು ಒಪ್ಪುತ್ತಿಲ್ಲ. ಇದು ನಿಜವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಜವಲ್ಲ. ನೋಟಕ್ಕಿರುವುದು ಮಿದುಳಿನಿಂದ ಹೊರಡುವ 2ನೇ ನರ. ಹಲ್ಲುಗಳಿಗೆ ಬರುವುದು 5ನೇ ನರ. ಆದರೆ ಈ 5ನೇ ನರ ಮೂರು ಕವಲಾಗಿ ಒಂದು ಹಣೆ ಮತ್ತು ಕಣ್ಣಿನ ಸುತ್ತಮುತ್ತ, ಇನ್ನೊಂದು ಮೇಲ್ದವಡೆಗೆ, ಮತ್ತೊಂದು ಕೆಳದವಡೆಗೆ ಹೋಗುತ್ತದೆ. ಮೇಲಿನ ಹಲ್ಲು ನೋಯುವಾಗ ಕಣ್ಣಿನ ಹಿಂದೆಯೂ ಸಿಡಿದಂತಾಗುವುದು ಅದಕ್ಕೇ. ಜೊತೆಗೆ ಹಲ್ಲು ಕೀಳಿಸುವ ವಯಸ್ಸೂ, ಚಾಳೀಸು, ಪೊರೆ ಬರುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ತಪ್ಪು ಹಲ್ಲಿನ ತಲೆಗೆ ಬಂತು, ಅಷ್ಟೆ.

ನಿಮ್ಮ ತಾಯಿಯ ವಿಷಯದಲ್ಲಿ ಕಣ್ಣಿಗೆ ಅಪಾಯ ಇರುವುದು ಕೀಳಿಸದೆ ಬಿಟ್ಟರೆ. ಬಾಯಿಯ ಎಲ್ಲ ಹಲ್ಲುಗಳಲ್ಲಿ ಅತಿ ಉದ್ದದ ಬೇರು ಮೇಲಿನ ಕೋರೆಹಲ್ಲಿನದು. ಅದರ ತುದಿಯ ಕೀವು ಕಣ್ಣಿನ ಕೆಳಗಿನವರೆಗೂ ಏರಿ ರೆಪ್ಪೆ ಮುಚ್ಚುವಷ್ಟು ಊತ ಬರಬಹುದು. ಊತದ ಜೊತೆ ಜ್ವರ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೀಳಿಸಿದ ಮೇಲೆ ಹತ್ತಿಬಟ್ಟೆಯನ್ನು 30–45 ನಿಮಿಷ ಒತ್ತಿ ಕಚ್ಚಿರಬೇಕು. 24 ಗಂಟೆ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾದಲ್ಲಿ ಹೀರುವುದು ಬೇಡ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎರಡು-ಮೂರು ದಿನದ ಮೇಲೆ ವಿಪರೀತ ನೋವು ಶುರುವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಆಡುವಾಗ ಮಕ್ಕಳ ಹಲ್ಲು ಬಿದ್ದುಹೋದರೆ ಹಾಲಿನಲ್ಲಿ ಹಾಕಿ ತರಬೇಕಂತೆ. ನಮ್ಮೂರಲ್ಲಿ ಎಳನೀರಿಗೆ ಬರವಿಲ್ಲ, ಅದರಲ್ಲಿ ಹಾಕಿದರೆ ಆಗದೇ?
– ಶಾಲಾ ಶಿಕ್ಷಕರು, ಮದ್ದೂರು

ಉತ್ತರ: ಹಾಲು ಸಿಗುವಾಗ ಎಳನೀರು ಬೇಡ. ಬೇರಿನ ಮೈಮೇಲೆ ಜೀವಂತ ಕೋಶಗಳ ತೆಳು ಪದರವಿದೆ. ಹಲ್ಲು ಮತ್ತೆ ಕಚ್ಚಿಕೊಳ್ಳುವುದು ಅದು ಬದುಕಿದ್ದರೆ ಮಾತ್ರ. ಎಳನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸು, ಆ ಹುಳಿ ಕೋಶಗಳಿಗೆ ಒಗ್ಗದು. ಮಜ್ಜಿಗೆಯಂತೂ ಕೂಡದು. ನಲ್ಲಿ ನೀರಿನಲ್ಲಿ ನೆನೆಹಾಕಿದರೆ ಕೋಶಗಳು ನೀರು ಕುಡಿದು ಒಡೆಯುತ್ತವೆ. ಹಾಲಿನ ಪಿಎಚ್ ಸುಮಾರು 6.6, ಲವಣಾಂಶವೂ ದೇಹದ ದ್ರವಗಳಿಗೆ ಹತ್ತಿರ. ಸಕ್ಕರೆ ಬೆರೆಸದ ತಣ್ಣನೆಯ ಪ್ಯಾಕೆಟ್ ಹಾಲು ಸಾಕು.

ಆದರೆ ಹಾಲಿಗಿಂತ ಒಳ್ಳೆಯ ಜಾಗ ಹಲ್ಲು ಬಿದ್ದ ಕುಳಿಯೇ. ಬಿಳಿಯ ಭಾಗವನ್ನಷ್ಟೇ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ, ತಣ್ಣೀರಿನಲ್ಲೋ 10 ಸೆಕೆಂಡು ಮೀರದಂತೆ ತೊಳೆಯಿರಿ. ಉಜ್ಜಕೂಡದು, ಕರ್ಚೀಫಿನಲ್ಲಿ ಒರೆಸಲೂಕೂಡದು. ಪಕ್ಕದ ಹಲ್ಲು ನೋಡಿ ಹಿಂದುಮುಂದು ಸರಿಮಾಡಿ ಮೆಲ್ಲಗೆ ಕೂರಿಸಿ, ಬಟ್ಟೆ ಕಚ್ಚಿಸಿ ಕರೆತನ್ನಿ. ಮಗು ಒಪ್ಪದಿದ್ದರೆ ಹಾಲೇ ಗತಿ. ದಂತವೈದ್ಯರು ಅಕ್ಕಪಕ್ಕದ ಹಲ್ಲಿಗೆ ತೆಳು ತಂತಿಯಿಂದ ಸುಮಾರು ಎರಡು ವಾರ ಬಂಧಿಸುತ್ತಾರೆ, ಬೇರು ಪೂರ್ತಿ ಬೆಳೆದಿದ್ದರೆ ಅಷ್ಟರೊಳಗೆ ರೂಟ್ ಕೆನಾಲ್ ಶುರುಮಾಡುತ್ತಾರೆ. ಟೆಟನಸ್ ಚುಚ್ಚುಮದ್ದಿನ ವಿಚಾರವನ್ನೂ ಕೇಳಿ.

ಹಲ್ಲು ಒಣಗಿಕೊಂಡೇ ಒಂದು ಗಂಟೆ ದಾಟಿದರೆ ಆ ಪದರ ಸತ್ತಂತೆ. ಆಮೇಲೂ ಕೂರಿಸಬಹುದು, ಆದರೆ ವರ್ಷಗಳು ಕಳೆದಂತೆ ದವಡೆ ಮೂಳೆ ಬೇರನ್ನು ಕರಗಿಸಿ ತಾನೇ ಆ ಜಾಗಕ್ಕೆ ಬರುತ್ತದೆ. ಹಾಲುಹಲ್ಲು ಬಿದ್ದರೆ ಮಾತ್ರ ವಾಪಸ್ ಕೂರಿಸಲೇಬೇಡಿ. ಒಳಗಿರುವ ಹೊಸ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ.

ಪ್ರಶ್ನೆ: ತಂಗಿಯ ಮಗು ಹುಟ್ಟುವಾಗಲೇ ಕೆಳಗೆ ಒಂದು ಹಲ್ಲಿತ್ತು. ಸೋದರಮಾವನಿಗೆ ಆಗಿಬರುವುದಿಲ್ಲ, ಕೀಳಿಸಿ ಎನ್ನುತ್ತಿದ್ದಾರೆ. ಆ ಸೋದರಮಾವ ನಾನೇ.
– ಓದುಗರು, ಕೆ.ಆರ್. ಪೇಟೆ

ಉತ್ತರ: ಬೆರಳು ಕಚ್ಚಿಸಿಕೊಳ್ಳುವುದನ್ನು ಬಿಟ್ಟರೆ ನಿಮಗೆ ಬೇರೆ ಗಂಡಾಂತರವಿಲ್ಲ. ಸುಮಾರು 2000–3000 ಮಕ್ಕಳಲ್ಲಿ ಒಂದಕ್ಕೆ ಹೀಗಿರುತ್ತದೆ. ಬಹುಪಾಲು ಅದು ಹೆಚ್ಚುವರಿ ಹಲ್ಲಲ್ಲ, ಆರನೇ ತಿಂಗಳಿಗೆ ಬರಬೇಕಿದ್ದ ಹಾಲುಹಲ್ಲೇ ಅವಸರಪಟ್ಟು ಬಂದಿರುತ್ತದೆ. ಕಿತ್ತರೆ ಆರೇಳು ವರ್ಷದವರೆಗೆ ಆ ಜಾಗ ಖಾಲಿ.

ಕೀಳಬೇಕಾಗುವುದು ಹಲ್ಲು ತೀರಾ ಅಲ್ಲಾಡುತ್ತಿದ್ದರೆ. ಕಳಚಿ ಶ್ವಾಸನಾಳಕ್ಕೆ ಇಳಿಯುವ ಭಯವಿರುತ್ತದೆ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಹಾಕಿದ್ದಾರೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ರಕ್ತ ನಿಲ್ಲುವುದು ಕಷ್ಟ. ಗಟ್ಟಿಯಾಗಿದ್ದು ನಾಲಿಗೆಯಡಿ ಹುಣ್ಣು ಮಾಡುತ್ತಿದ್ದರೆ ಅಂಚನ್ನು ನಯಗೊಳಿಸಿದರಾಯಿತು. ಎದೆಹಾಲು ನಿಲ್ಲಿಸಬೇಕಿಲ್ಲ.

ಪ್ರಶ್ನೆ: ಕಬ್ಬು ಅಗಿದರೆ ಹಲ್ಲು ಶುಚಿಯಾಗುತ್ತದೆಯೇ?
– ಓದುಗರು, ಪಾಂಡವಪುರ

ಉತ್ತರ: ನಾರು ಹಲ್ಲಿನ ಮೈ ಉಜ್ಜಬಹುದು, ಹುಳುಕು ಶುರುವಾಗುವ ಸಂದಿಗಳಿಗೆ ತಲುಪದು. ಅಲ್ಲಿಗೆ ತಲುಪುವುದು ಸಿಹಿ ರಸ. ಅದನ್ನುಂಡ ಬ್ಯಾಕ್ಟೀರಿಯಾ ಉಗುಳುವ ಆಮ್ಲದಿಂದ ಪಿಎಚ್ 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಲೆಮನೆಯಲ್ಲಿ ದಿನವಿಡೀ ತುಸುತುಸುವೇ ಬೆಲ್ಲ ಬಾಯಿಗೆ ಹಾಕಿಕೊಳ್ಳುವವರಿಗಿಂತ ಒಂದೇ ಸಲ ಇಡೀ ಜಲ್ಲೆ ತಿಂದು ಮುಗಿಸುವವರ ಹಲ್ಲು ವಾಸಿ. ತಿಂದ ತಕ್ಷಣ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ. ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿದ್ದರೆ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯಬೇಡಿ, ಮಚ್ಚಿನಿಂದ ಕೆತ್ತಿಸಿಕೊಳ್ಳಿ.