ಲಾರಿ ತೂಗುವ ತಕ್ಕಡಿ ಮೇಲೆ ಒಂದು ಕಾಫಿ ಬೀಜ

ಪ್ರಿಯ ಬರಹಗಾರರೇ,

ನೀವು ಕಳಿಸಿದ 'ಸಿ ಲೈಬ್ರರಿಯನ್ನು ಸೋಲಿಸಿದ ಹಾಸನದ ಹುಡುಗ' ಲೇಖನ ಓದಿದೆ. ಸಿ ಪ್ರೋಗ್ರಾಮಿಂಗ್ ಜೊತೆ ಬರುವ ಸಿದ್ಧ ಫಂಕ್ಷನ್ನುಗಳಿಗಿಂತ ನೀವು ಬರೆದವು ವೇಗ ಅನ್ನುವುದು ನಿಮ್ಮ ವಾದ. ನಿಮ್ಮ ಭಾಷೆ ಚೆನ್ನಾಗಿದೆ. ಮೆಮೊರಿ, ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂತ ಕನ್ನಡದಲ್ಲಿ ಹನ್ನೊಂದು ಪುಟ ಬರೆಯುವವರು ಜಾಸ್ತಿ ಜನ ಇಲ್ಲ. ಸಂತೋಷ. ಆದರೆ ಈಗಿರುವ ಹಾಗೆ ಇದನ್ನು ಅಚ್ಚು ಮಾಡಲಾರೆ.

ಸುಮ್ನೆ ಎರಡು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ನಿನ್ನೆ ರಾತ್ರಿ ಊಟ ಮುಗಿಸಿ ಓದಲು ಕೂತವನು ಆರನೇ ಪುಟಕ್ಕೆ ಸಿಟ್ಟು ಬಂದು ಎದ್ದುಬಿಟ್ಟೆ. ಆ ಸಿಟ್ಟು ನಿಮ್ಮ ಮೇಲೆ ಮಾತ್ರ ಅಲ್ಲ ಅಂತ ಬೆಳಿಗ್ಗೆ ಗೊತ್ತಾಯಿತು. ಅದಕ್ಕೇ ಇಷ್ಟುದ್ದ ಪತ್ರ.

ಸ್ಟ್ರಿಂಗಿನ ಉದ್ದ ಎಣಿಸುವ ನಿಮ್ಮ ಸ್ಟ್ರ್‌ಲೆನ್ ಫಂಕ್ಷನ್ನನ್ನು ಲಿನಕ್ಸಿನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಸ್ಟ್ರ್‌ಲೆನ್ ಜೊತೆ ಓಟಕ್ಕೆ ಬಿಟ್ಟಿದ್ದೀರಿ. ಸಿಟ್ಟು ಬರಿಸಿದ ಸಾಲು ಇದು: "ಸಾವಿರ ಬೈಟಿನ ಸ್ಟ್ರಿಂಗಿನ ಉದ್ದವನ್ನು ಹತ್ತು ಲಕ್ಷ ಸಲ ಎಣಿಸಿದರೂ ನನ್ನ ಸ್ಟ್ರ್‌ಲೆನ್ ತೆಗೆದುಕೊಂಡ ಸಮಯ 0.000000 ಸೆಕೆಂಡ್. ಗ್ಲಿಬ್‌ಸಿ ಧೂಳೀಪಟ!"

ಸಾವಿರ ಬೈಟ್, ಹತ್ತು ಲಕ್ಷ ಸಲ. ಒಟ್ಟು ನೂರು ಕೋಟಿ ಬೈಟ್ ಆಯಿತು. ಪ್ರಾಸೆಸರ್ ಗಡಿಯಾರದ ಒಂದೊಂದು ಬಡಿತಕ್ಕೆ 64 ಬೈಟ್ ನುಂಗಿದರೂ ಒಂದೂವರೆ ಕೋಟಿ ಬಡಿತ ಬೇಕು. 3 ಗಿಗಾಹರ್ಟ್ಸ್‌ನಲ್ಲಿ ಅದು 5 ಮಿಲಿಸೆಕೆಂಡ್. ಅಂದರೆ 0.005 ಆದರೂ ಕಾಣಬೇಕಿತ್ತು. ಸೊನ್ನೆ ಬಂದಿದೆ ಅಂದರೆ ನಿಮ್ಮ ಕೋಡ್ ಓಡಿಯೇ ಇಲ್ಲ.

ಜೊತೆಗೆ ಕಳಿಸಿದ್ದ ಪ್ರೋಗ್ರಾಂ ನೋಡಿದೆ. ಕ್ಲಾಂಗ್ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ), ಓ2 ಆಪ್ಟಿಮೈಸೇಶನ್, ಅಂದರೆ ಕೋಡನ್ನು ಚುರುಕು ಮಾಡು ಅನ್ನುವ ಆಜ್ಞೆ. ಜೊತೆಗೆ ಲೈಬ್ರರಿ ಫಂಕ್ಷನ್ನುಗಳ ಬಗ್ಗೆ ನಿನಗೆ ಗೊತ್ತಿರುವುದನ್ನು ಬಳಸಬೇಡ ಅಂತ ಕಂಪೈಲರಿಗೆ ಹೇಳುವ 'ಬಿಲ್ಟಿನ್ ಬೇಡ' ಆಯ್ಕೆ. ಹೀಗಾಗಿ ಲೈಬ್ರರಿಯ ಸ್ಟ್ರ್‌ಲೆನ್ ಒಳಗೆ ಏನಿದೆ ಅಂತ ಕಂಪೈಲರಿಗೆ ಕಾಣುವುದಿಲ್ಲ. ಅದು ಪ್ರಾಮಾಣಿಕವಾಗಿ ಹತ್ತು ಲಕ್ಷ ಸಲ ಕರೆಯಿತು. ನಿಮ್ಮ ಫಂಕ್ಷನ್ ಅದೇ ಫೈಲಿನಲ್ಲಿದೆ. ಕಂಪೈಲರ್ ಅದರೊಳಗೆ ಇಣುಕಿತು. ಉದ್ದ ಎಣಿಸುತ್ತದೆ, ಆ ಉತ್ತರವನ್ನು ಯಾರೂ ಬಳಸುವುದಿಲ್ಲ. ಹಾಗಾದರೆ ಎಣಿಸುವುದೇಕೆ ಅಂತ ಮತ್ತೆ ಮತ್ತೆ ಎಣಿಸುವ ಇಡೀ ಲೂಪನ್ನೇ ಕಿತ್ತು ಹಾಕಿತು. ನೀವು ಅಳೆದಿದ್ದು ಖಾಲಿ ಜಾಗ.

ಉತ್ತರಗಳನ್ನು ಕೂಡಿಸಿ ಕೊನೆಗೆ ಮುದ್ರಿಸಿ. ನಿಮ್ಮ ಫಂಕ್ಷನ್ನನ್ನು ಬೇರೆ ಫೈಲಿಗೆ ಹಾಕಿ. ಕಂಪೈಲರ್ ಕೊಡುವ ಅಸೆಂಬ್ಲಿ (ಪ್ರಾಸೆಸರಿನ ಆಜ್ಞೆಗಳ ಪಟ್ಟಿ) ತೆಗೆದು ಲೂಪ್ ಅಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಈಗ ನನ್ನ ಸೊನ್ನೆಯ ಕತೆ. 1994ರಲ್ಲಿ ಇಲ್ಲೇ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆಯುತ್ತಿದ್ದೆ. ಆಗಿನ ಡಾಸ್ ಆಪರೇಟಿಂಗ್ ಸಿಸ್ಟಂ, ಟರ್ಬೊ ಸಿ ಕಂಪೈಲರ್. ಬಿಡುವಿನಲ್ಲಿ ಅಸೆಂಬ್ಲಿಯಲ್ಲಿ ನನ್ನದೇ ಒಂದು ಸ್ಟ್ರಿಂಗ್ ನಕಲು ಫಂಕ್ಷನ್ ಬರೆದೆ. ಒಂದು ಸಲ ಓಡಿಸಿದೆ. ಸಮಯ ಸೊನ್ನೆ! ಲೈಬ್ರರಿಯದ್ದಕ್ಕೂ ಸೊನ್ನೆಯೇ ಬಂದೀತು ಅಂತ ಹೊಳೆಯಲಿಲ್ಲ, ಅದನ್ನು ಓಡಿಸಲೇ ಇಲ್ಲ. ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ವೇ ಬ್ರಿಡ್ಜ್ ನೋಡಿಕೊಳ್ಳುತ್ತಿದ್ದ ಅಣ್ಣನಿಗೂ ಹೇಳಿದೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ. ನೆಲದ ಮೇಲಿದ್ದ ಒಂದು ಕಾಫಿ ಬೀಜ ಎತ್ತಿ ಲಾರಿ ನಿಲ್ಲುವ ಕಬ್ಬಿಣದ ಹಲಗೆ ಮೇಲಿಟ್ಟರು. "ಎಷ್ಟ್ ತೋರಿಸ್ತಾ ಇದೆ ನೋಡಯ್ಯಾ." ಸೊನ್ನೆ. "ಹಾಗಂತ ಬೀಜಕ್ಕೆ ತೂಕ ಇಲ್ವಾ?"

ಆಮೇಲೆ ತಿಳಿಯಿತು. ಡಾಸ್‌ನ ಗಡಿಯಾರ ಸೆಕೆಂಡಿಗೆ ಬಡಿಯುವುದೇ 18.2 ಸಲ. 55 ಮಿಲಿಸೆಕೆಂಡಿಗಿಂತ ಸಣ್ಣದು ಅದಕ್ಕೆ ಕಾಣುವುದೇ ಇಲ್ಲ. ಆ ವಾರವಿಡೀ ನಾನು ಅಣ್ಣನ ಕಣ್ಣಿಗೆ ಬೀಳದಂತೆ ಹಿಂದಿನ ಗೇಟಿನಿಂದ ಓಡಾಡಿದೆ. ನಿಮ್ಮ ಸೊನ್ನೆಯ ಕಾರಣ ಬೇರೆ, ಜಂಬ ಮಾತ್ರ ಅದೇ. ಅದಕ್ಕೇ ಸಿಟ್ಟು ಬಂದಿದ್ದು.

ಏಳನೇ ಪುಟಕ್ಕೆ ಬರೋಣ. ಅಲ್ಲಿ ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್ನಿನ ಓಟ. "64 ಎಂಬಿ ನಕಲು ಮಾಡುವಾಗ ನನ್ನ ಮೆಮ್‌ಕಾಪಿ ಮೂರು ಪಟ್ಟು ವೇಗ." ಆಗಷ್ಟೇ, ಮೆಮೊರಿ ಕೇಳಿ ಪಡೆಯುವ ಫಂಕ್ಷನ್ ಮ್ಯಾಲಕ್‌ನಿಂದ ಪಡೆದ ಎರಡು ಬಫರ್ (ಮೆಮೊರಿಯ ಜಾಗ). ಮೊದಲು ಗ್ಲಿಬ್‌ಸಿ ಓಡಿಸಿದ್ದೀರಿ, ಆಮೇಲೆ ಅದೇ ಬಫರ್‌ಗಳಲ್ಲಿ ನಿಮ್ಮದು. ಇಷ್ಟು ದೊಡ್ಡ ಜಾಗ ಕೇಳಿದಾಗ ಲಿನಕ್ಸ್ ಕೊಡುವುದು ಬರೀ ಮಾತು. ಮೆಮೊರಿಯನ್ನು ಅದು ಪುಟಗಳೆಂಬ ತುಂಡುಗಳಲ್ಲಿ ಹಂಚುತ್ತದೆ, ಒಂದು ಪುಟವನ್ನು ಮೊದಲ ಸಲ ಮುಟ್ಟಿದಾಗಲೇ ನಿಜವಾದ ಮೆಮೊರಿ ಸಿಗುವುದು. 64 ಎಂಬಿ ಅಂದರೆ 4 ಕೆಬಿಯ 16,384 ಪುಟ. ಆ ಪುಟಗಳನ್ನೆಲ್ಲ ಲಿನಕ್ಸಿನ ತಿರುಳಾದ ಕರ್ನಲ್‌ನಿಂದ ಬಿಡಿಸಿಕೊಂಡು ಬಂದ ಕೂಲಿ ಗ್ಲಿಬ್‌ಸಿಯ ಲೆಕ್ಕಕ್ಕೆ ಬಿತ್ತು. ಗುಡಿಸಿ ಸಾರಿಸಿದ ಅಂಗಳದಲ್ಲಿ ನಿಮ್ಮದು ಓಡಿತು. ಸರದಿ ಅದಲು ಬದಲು ಮಾಡಿ, ಗೆಲ್ಲುವವರೂ ಬದಲಾಗುತ್ತಾರೆ ಅನ್ನುವುದು ನನ್ನ ಅನುಮಾನ.

ಇನ್ನೊಂದು. ಮೂಲ ಬಫರಿಗೆ ನೀವು ಏನನ್ನೂ ಬರೆದಿಲ್ಲ. ಬರೆಯದ ಪುಟವನ್ನು ಓದಲು ಹೋದರೆ ಲಿನಕ್ಸ್ ತನ್ನಲ್ಲಿರುವ ಒಂದೇ ಸೊನ್ನೆ ಪುಟವನ್ನು ಎಲ್ಲ ಕಡೆಗೂ ತೋರಿಸುತ್ತದೆ. ಆ 4 ಕೆಬಿ ಪ್ರಾಸೆಸರಿನ ಪಕ್ಕದ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲೇ ಆರಾಮಾಗಿ ಕೂತಿರುತ್ತದೆ. 64 ಎಂಬಿ ಓದಿದೆ ಅಂತ ನೀವು ಬರೆದಿರಿ, ಓದಿದ್ದು ಒಂದೇ ಪುಟವನ್ನು ಮತ್ತೆ ಮತ್ತೆ. ಮೊದಲು ಎರಡೂ ಬಫರಿಗೆ ಏನಾದರೂ ಬರೆದು ತುಂಬಿಸಿ, ಆಮೇಲೆ ಗಡಿಯಾರ ಶುರು ಮಾಡಿ.

ಒಂಬತ್ತನೇ ಪುಟದ ಸಾಲು ಮಾತ್ರ ನನಗೆ ಬೇಸರ ತಂದಿತು: "ಉದಾಹರಣೆಗೆ, 'ಹಾಸನ' ಎಂಬ ಪದಕ್ಕೆ ಸ್ಟ್ರ್‌ಲೆನ್ 3 ಎಂದು ಉತ್ತರಿಸುತ್ತದೆ."

ಇದನ್ನು ನೀವು ಓಡಿಸಿ ನೋಡಿಲ್ಲ, ಅಲ್ವಾ? ಸ್ಟ್ರ್‌ಲೆನ್ ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉತ್ತರ 12. ಹ, ದೀರ್ಘದ ಗುರುತು, ಸ, ನ ಸೇರಿ ನಾಲ್ಕು ಸಂಕೇತ, ಒಂದೊಂದಕ್ಕೆ ಮೂರು ಬೈಟ್. 'ಚಿಕ್ಕಮಗಳೂರು' 33 ಬರುತ್ತದೆ. ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ನಿಮ್ಮ ಲೇಖನದ ಚಿನ್ನ ಇದ್ದದ್ದೇ ಇಲ್ಲಿ, ಅದರ ಮೇಲೆ ಕಾಲಿಟ್ಟು ದಾಟಿ ಹೋಗಿದ್ದೀರಿ.

ಎಂಟೆಂಟು ಬೈಟ್ ಒಟ್ಟಿಗೆ ಎತ್ತಿಕೊಂಡು ಪ್ರತಿಯೊಂದರಿಂದ 1 ಕಳೆದು, ಎಡತುದಿಯ ಬಿಟ್ ಎದ್ದರೆ (1 ಆದರೆ) ಅಲ್ಲಿ ಸ್ಟ್ರಿಂಗಿನ ಕೊನೆ ಸೂಚಿಸುವ ಸೊನ್ನೆ ಇರಬಹುದು ಅಂತ ನಿಂತು ನೋಡುವ ಹಳೆಯ ಉಪಾಯ ಬಳಸಿದ್ದೀರಿ. ಅದರಲ್ಲಿ ಮೂಲ ಬೈಟಿನ ಬಿಟ್ಟುಗಳನ್ನು ತಿರುವು ಹಾಕಿ, ಮೊದಲೇ ಆ ಬಿಟ್ ಎದ್ದಿದ್ದ ಬೈಟುಗಳನ್ನು ಜರಡಿ ಹಿಡಿದು ಬಿಡುವ ಒಂದು ಹೆಜ್ಜೆಯೂ ಇದೆ. "ಅದನ್ನು ಕೈಬಿಟ್ಟು ಒಂದು ಕೆಲಸ ಉಳಿಸಿದೆ" ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಪರೀಕ್ಷೆಗೆ ಬಳಸಿದ್ದು ಇಂಗ್ಲಿಷಿನ ಎ ಅಕ್ಷರ, ಸಾವಿರ ಸಲ. ಅಲ್ಲಿ ತೊಂದರೆ ಕಾಣುವುದಿಲ್ಲ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ 224. ಅದರಿಂದ 1 ಕಳೆದರೂ ಎಡತುದಿಯ ಬಿಟ್ ಎದ್ದೇ ಇರುತ್ತದೆ. ಅಂದರೆ ಕನ್ನಡ ಪಠ್ಯದಲ್ಲಿ ಪ್ರತಿ ಹೆಜ್ಜೆಗೂ ಸುಳ್ಳು ಗಂಟೆ. ಪ್ರತಿ ಸಲವೂ ನಿಮ್ಮ ಕೋಡ್ ನಿಂತು ಒಂದೊಂದೇ ಬೈಟ್ ತಡಕಾಡುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ವೇಗ ಹೋಗುತ್ತದೆ. ಕನ್ನಡದಲ್ಲಿ ಲೇಖನ ಬರೆದಿರಿ, ಕನ್ನಡದ ಒಂದು ಸಾಲನ್ನೂ ನಿಮ್ಮ ಫಂಕ್ಷನ್ನಿಗೆ ತಿನ್ನಿಸಿಲ್ಲ.

ಉಳಿದ ಪುಟಗಳ ಬಗ್ಗೆ ನನ್ನ ತಕರಾರಿಲ್ಲ. ಒಂದೇ ಸಲಕ್ಕೆ ಹಲವು ಬೈಟ್ ನೋಡುವ ಪ್ರಾಸೆಸರ್ ಆಜ್ಞೆಗಳಾದ ಎವಿಎಕ್ಸ್ ವಿವರಣೆ ಉದ್ದವಾಯಿತು, ಅದನ್ನು ನಾನೇ ಕತ್ತರಿಸುತ್ತೇನೆ.

ಆ ಜರಡಿಯ ಹೆಜ್ಜೆ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ. ಒಂದು ಇಂಗ್ಲಿಷ್ ಫೈಲ್, ಒಂದು ಕನ್ನಡ ಫೈಲ್. ನಾಲ್ಕು ಅಂಕಿ ಬರುತ್ತವೆ. ಲೇಖನವನ್ನು ಅಲ್ಲಿಂದ ಶುರು ಮಾಡಿ ಮುಂದಿನ ತಿಂಗಳ 10ರೊಳಗೆ ಕಳಿಸಿ, ನಾಲ್ಕು ಪುಟ ಜಾಗ ಇಟ್ಟಿರುತ್ತೇನೆ. ಗ್ಲಿಬ್‌ಸಿಯೇ ಗೆದ್ದಿದ್ದರೂ ಕಳಿಸಿ. ಶೀರ್ಷಿಕೆಯಲ್ಲಿರುವ ಹುಡುಗನನ್ನು ಮಾತ್ರ ದಯವಿಟ್ಟು ತೆಗೆಯಿರಿ.

ಇಂತಿ,
ಸಂಪಾದಕ, ಹಾಸನ