ನೂರು ವರ್ಷದ ಲೂಗರ್ ಫಳಫಳ ಹೊಳೆದರೆ ಅನುಮಾನಿಸಿ

ಪ್ರಶ್ನೆ: ನಾನು ಅಮೆರಿಕದ ಒಹಾಯೊದಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜ, ತಮ್ಮ ತಂದೆ ಯುದ್ಧದಿಂದ ತಂದ ಜರ್ಮನ್ ಲೂಗರ್ ಪಿಸ್ತೂಲನ್ನು ಮಾರುತ್ತಿದ್ದಾರೆ. ಮೇಲೆ 1917 ಎಂದಿದೆ, ತಯಾರಿಸಿದ ಕಂಪನಿ ಡಿಡಬ್ಲ್ಯುಎಂನ ಗುರುತೂ ಇದೆ. ಕಪ್ಪಗೆ ಹೊಳೆಯುತ್ತಿದೆ, ಹೊಚ್ಚ ಹೊಸದರ ಹಾಗೆ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ನಂಬರ್ ಮಾತ್ರ ಬೇರೆ. ಕೊಳ್ಳಬಹುದೇ? ಮುಂದೆ ಮೈಸೂರಿಗೆ ತರಬಹುದೇ?

ಉತ್ತರ: ಹೊಚ್ಚ ಹೊಸದರ ಹಾಗೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಕೈಗೆತ್ತಿಕೊಂಡ ತಕ್ಷಣ ಮ್ಯಾಗಜಿನ್ ತೆಗೆಯಿರಿ. ಅಷ್ಟಕ್ಕೇ ಅದು ಖಾಲಿ ಅಂದುಕೊಳ್ಳಬೇಡಿ. ಮೇಲಿನ ಮಡಚುವ ಕೀಲನ್ನು ಹಿಂದಕ್ಕೆಳೆದು ಒಳಗೆ ಗುಂಡಿಲ್ಲ ಅಂತ ಕಣ್ಣಾರೆ ನೋಡಿ.

ಆಮೇಲೆ ಟ್ರಿಗರ್ ಬಣ್ಣ ನೋಡಿ. 1917ರಲ್ಲಿ ದೊಡ್ಡ ಭಾಗಗಳು ಕಪ್ಪು-ನೀಲಿ. ಟ್ರಿಗರ್, ಸೇಫ್ಟಿ ಲಿವರ್, ಮ್ಯಾಗಜಿನ್ ಗುಂಡಿ ಇವೆಲ್ಲ ಒಣಹುಲ್ಲಿನ ಹಳದಿ. ಅದು ಬಳಿದ ಬಣ್ಣವಲ್ಲ, ಉಕ್ಕನ್ನು ಹದ ಮಾಡುವಾಗ ಕಾವಿಗೆ ಬಂದದ್ದು. ಮುಂದೆ ಲೂಗರ್ ತಯಾರಿಸಿದ ಮೌಸರ್ ಕಂಪನಿ ಇದನ್ನು ಕೈಬಿಟ್ಟಿದ್ದು 1937ರ ಸುಮಾರಿಗೆ. ಹಳದಿ ಸವೆದು ಬಿಳಿ ಉಕ್ಕು ಕಂಡರೆ ಚಿಂತೆಯಿಲ್ಲ. ಟ್ರಿಗರ್ ಕೂಡ ಕಪ್ಪಗಿದ್ದರೆ ಯಾರೋ ಆಮೇಲೆ ಉಜ್ಜಿ, ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕಪ್ಪು-ನೀಲಿ ಬಣ್ಣ ಬರಿಸುವುದು) ಮಾಡಿಸಿದ್ದಾರೆ. ಹಾಗೆ ಉಜ್ಜಿದ್ದರೆ ಅಂಚುಗಳು ಮೊಂಡಾಗಿ, ಅಚ್ಚೊತ್ತಿದ ಅಕ್ಷರಗಳು ಸೋಪಿನ ಮೇಲಿನ ಬರಹದ ಹಾಗೆ ಸವೆದಿರುತ್ತವೆ. ಸಂಗ್ರಾಹಕರು ಅಂಥದ್ದಕ್ಕೆ ಅರ್ಧ ಬೆಲೆ ಕೊಟ್ಟರೆ ಜಾಸ್ತಿ. ತುಕ್ಕಿನ ಕಲೆ ಇರುವ ಅಸಲಿ ಮಾಲೇ ಮೇಲು.

ಇನ್ನು ನಂಬರ್. ನಳಿಗೆಯ ಅಡಿಯಲ್ಲಿ, ಚೌಕಟ್ಟಿನ ಮುಂಭಾಗದಲ್ಲಿ, ಮೇಲ್ಭಾಗದ ಎಡಬದಿಯಲ್ಲಿ ಒಂದೇ ನಂಬರ್ ಇರಬೇಕು. ಉದಾಹರಣೆಗೆ 4271 ಅಂತಿದ್ದರೆ ಸಣ್ಣ ಭಾಗಗಳ ಮೇಲೆ 71. ಒಂದೊಂದನ್ನೂ ಭೂತಗನ್ನಡಿ ಹಿಡಿದು ನೋಡಿ. ನಂಬರಿನ ಜೊತೆಗಿರುವ ಪುಟ್ಟ ಅಕ್ಷರವನ್ನೂ ಬರೆದುಕೊಳ್ಳಿ. ಪ್ರತಿ ವರ್ಷ ಎಣಿಕೆ ಒಂದರಿಂದ ಶುರುವಾಗಿ, ಹತ್ತು ಸಾವಿರ ದಾಟಿದ ಮೇಲೆ ಮತ್ತೆ ಒಂದರಿಂದ ಎಣಿಸಿ ಅಕ್ಷರ ಸೇರಿಸುತ್ತಿದ್ದರು. ಹಾಗಾಗಿ ಅಂಕಿ ಒಂದೇ ಇದ್ದರೂ ಪಿಸ್ತೂಲು ಬೇರೆ ಇರಬಹುದು. 1917ರ ಜೊತೆ 1920 ಅಂತಲೂ ಒತ್ತಿದ್ದರೆ ಗಾಬರಿ ಬೇಡ. ಯುದ್ಧ ಮುಗಿದ ಮೇಲೆ ಸರ್ಕಾರದ ಸ್ವತ್ತು ಅಂತ ಹಾಕಿದ ಗುರುತು ಅದು.

ಮ್ಯಾಗಜಿನ್ ಬದಲಾಗಿರುವುದು ತೀರಾ ಮಾಮೂಲು. ಅದಕ್ಕಷ್ಟು ಬೆಲೆ ಇಳಿಸಿ ಕೇಳಿ, ಸಾಕು. ಆದರೆ ತಳ ಮರದ್ದಾ ಅಲ್ಯೂಮಿನಿಯಂದಾ ನೋಡಿ. ಆ ಕಾಲದ್ದು ಮರದ್ದು.

ಕೊಂಡರೆ ಗುಂಡು ಹಾರಿಸಲು ಹೋಗಬೇಡಿ. ನಂಬರ್ ಇರುವ ಒಂದು ಭಾಗ ಮುರಿದರೂ ಜೋಡಿ ತಪ್ಪಿತು. ಚರ್ಮದ ಹೋಲ್‌ಸ್ಟರ್ ಜೊತೆಗಿದ್ದರೆ ಒಳ್ಳೆಯದೇ, ಆದರೆ ಪಿಸ್ತೂಲನ್ನು ಅದರೊಳಗೇ ಇಟ್ಟುಬಿಡಬೇಡಿ. ತೇವ ಹಿಡಿದು ತುಕ್ಕು ತಿನ್ನುತ್ತದೆ.

ಕಾನೂನಿನ ಮಾತು. ಅಮೆರಿಕದ ಕಾನೂನಿನಲ್ಲಿ 1898 ಮತ್ತು ಅದಕ್ಕೂ ಹಿಂದೆ ತಯಾರಾದದ್ದು ಮಾತ್ರ ಆಂಟಿಕ್. ನಿಮ್ಮದು ಕಾನೂನಿನ ಕಣ್ಣಿಗೆ ಬಂದೂಕೇ. ನೀವು ಎಚ್-1ಬಿ ವೀಸಾದಲ್ಲಿದ್ದರೆ ಇಟ್ಟುಕೊಳ್ಳುವುದೇ ಅಪರಾಧವಾಗಬಹುದು. ಬೇಟೆ ಲೈಸನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಮುಟ್ಟಬೇಡಿ. ಮೈಸೂರಿನ ಆಸೆಯಂತೂ ಬಿಟ್ಟುಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸನ್ಸ್ ಬೇಕು, ಅದರ ಮೇಲೆ 9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ).

ಅಂದ ಹಾಗೆ, ವಶಪಡಿಸಿಕೊಂಡ ಆಯುಧವನ್ನು ಮನೆಗೆ ಒಯ್ಯಲು ಅಮೆರಿಕದ ಸೈನಿಕರಿಗೆ ಅಧಿಕಾರಿ ಸಹಿ ಹಾಕಿದ ಚೀಟಿ ಕೊಡುತ್ತಿದ್ದರು. ಅಜ್ಜನ ಮನೆಯಲ್ಲಿ ಅದು ಇದ್ದರೂ ಇರಬಹುದು. ಚೌಕಾಸಿಗೆ ಕೂರುವ ಮೊದಲೇ ಕೇಳಿ.